ಕಲ್ಲು ನಿಂತ ಜಾಗ

ತೊಟ್ಟಿಯೊಳಗೆ ಮೀನಿನ ಹೃದಯವೊಂದು ಕಲ್ಲಾಗುತ್ತಿತ್ತು. ಬೆಳಿಗ್ಗೆ ಮೆತ್ತಗಿದ್ದದ್ದು ಈಗ ಚಿಮಟ ತಾಗಿದರೆ ಟಣ್ ಎನ್ನುತ್ತಿತ್ತು.

ಎಲುಬು, ಚಿಪ್ಪು ಪಳೆಯುಳಿಕೆಯಾಗುವುದು ದೊಡ್ಡ ಮಾತಲ್ಲ. ಮಾಂಸ ಅದಕ್ಕೆ ಮೊದಲೇ ಕೊಳೆತುಹೋಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಮಾತ್ರ ಒಮ್ಮೊಮ್ಮೆ, ಕೊಳೆಸಲು ಬಂದ ಸೂಕ್ಷ್ಮಾಣುಗಳೇ ಎಳೆಎಳೆಗೂ ಖನಿಜದ ಲೇಪ ಕೂರಿಸಿ ಅದರ ಆಕಾರವನ್ನು ಉಳಿಸಿಬಿಡುತ್ತವೆ. ಸೇಡಂ ಬಳಿಯ ಪ್ರಯೋಗಾಲಯದಲ್ಲಿ ಡಾ. ವಿಜಯಕುಮಾರ ಬಿರಾದಾರರು ಅಂಥ ಸೂಕ್ಷ್ಮಾಣುಗಳನ್ನು ಸಾಕಿ, ಆ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುವ ಈ ‘ಶಿಲೀಕರಣ ತೊಟ್ಟಿ’ ಕಟ್ಟಿದ್ದರು. ಬದುಕಿರುವ ಮೈಗೆ ಅವು ಏನು ಮಾಡುತ್ತವೆಂದು ಯಾರೂ ಪರೀಕ್ಷಿಸಿರಲಿಲ್ಲ.

ಕಸಗುಡಿಸುವ ಚಂದಮ್ಮ ಕುಂಟುತ್ತ ಬಂದರು. “ಸಾಹೇಬ್ರ, ಕಾಲು ಯಾಕೋ ಭಾರ ಆಗ್ಯಾದ.”

ಸಕ್ಕರೆ ಕಾಯಿಲೆಯಿಂದ ಆಕೆಯ ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಕಪ್ಪಾದ ಬೆರಳುಗಳ ವಾಸನೆ ಯಾರಿಗೂ ಬರದಿರಲೆಂದು ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದಿದ್ದರು. ಬಿರಾದಾರರು ಬಿಚ್ಚಿ ನೋಡಿದರೆ, ಮೂರು ಬೆರಳುಗಳು ಕಲ್ಲು.

“ನಿನ್ನೆ ತೊಟ್ಟಿ ಸೋರಿದಾಗ ನೆಲ ಒರೆಸಿದವರು ನೀವಲ್ಲ? ಬೂಟ್ ಹಾಕ್ಕೊಂಡಿದ್ದಿಲ್ಲೇನು?”

“ಹೊರಗ ಬಿಟ್ಟಿದ್ದೆ. ಇಷ್ಟು ಪುಸ್ತಕ ಇರೋ ಜಾಗದಾಗ ಮೆಟ್ಟಿಕೊಂಡು ಹ್ಯಾಂಗ ಬರಬೇಕ್ರಿ?”

ಚೀಲದ ತೂತಿನಿಂದ ತೊಟ್ಟಿಯ ನೀರು ಒಳಹೊಕ್ಕಿತ್ತು. ಬಿಗಿದ ಚೀಲದೊಳಗೆ ಗಾಳಿಯೂ ಆಡುತ್ತಿರಲಿಲ್ಲ. ಬಿರಾದಾರರು ಆಕೆಯನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದರು.

ಆಸ್ಪತ್ರೆಯ ಶಸ್ತ್ರಚಿಕಿತ್ಸಕಿ ಡಾ. ತಬಸ್ಸುಮ್ ತಡಮಾಡಲಿಲ್ಲ. “ಇದು ಮೇಲೇರುವ ಮೊದಲು ಮೊಣಕಾಲಿನ ಕೆಳಗೆ ತೆಗೆದುಬಿಡೋಣ.”

“ಕಾಲು ಹೋದ್ರ ನನಗ ಕೆಲಸ ಯಾರು ಕೊಡ್ತಾರ ಡಾಕ್ಟರ್ ಬಾಯಾರ? ಒಂದ್ ಸ್ವಲ್ಪ ತಡೀರಿ,” ಎಂದರು ಚಂದಮ್ಮ.

ಡಾಕ್ಟರು ಕಲ್ಲಿನಿಂದ ಒಂದು ಬೆರಳಗಲ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಕಲ್ಲು ಆ ಗೆರೆ ಮುಟ್ಟಿದರೆ ಕತ್ತರಿಸುವುದೇ ಸೈ. ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧವಾಯಿತು. ಅರ್ಧ ಗಂಟೆಗೊಮ್ಮೆ ಸೂಜಿಯಿಂದ ತಟ್ಟಿ ನೋಡುವುದು ನಡೆಯಿತು. ಬಿರಾದಾರರು ತಮ್ಮ ತೊಟ್ಟಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತ ಕೂತರು. ಚಂದಮ್ಮ ಗೆರೆಯಿಂದ ಕಣ್ಣು ಕೀಳಲಿಲ್ಲ.

ನಾಲ್ಕು ಗಂಟೆ ಕಳೆದರೂ ಕಲ್ಲು ಕದಲಲಿಲ್ಲ. ಅದರ ಅಂಚಿನ ಪಕ್ಕದಲ್ಲೇ ಡಾಕ್ಟರು ಸೂಜಿ ಚುಚ್ಚಿದರು. ಕೆಂಪು ರಕ್ತ ಜಿನುಗಿತು.

“ಸತ್ತ ಮಾಂಸವನ್ನಷ್ಟೇ ಹಿಡಿದಿದೆ,” ಎಂದರು ಬಿರಾದಾರರು, ನಂಬಲಾಗದೆ. “ಜೀವ ಇದ್ದಲ್ಲಿ ನಿಂತುಬಿಟ್ಟಿದೆ.”

ಡಾಕ್ಟರು ಆ ಅಂಚಿನುದ್ದಕ್ಕೂ ಬೆರಳಾಡಿಸಿದರು. “ಸತ್ತದ್ದು ಎಲ್ಲಿಗೆ ಮುಗಿಯಿತೆಂದು ಕಾಣದೆ ನಾವು ಯಾವಾಗಲೂ ಬೇಕಾದ್ದಕ್ಕಿಂತ ಮೇಲಕ್ಕೇ ಕತ್ತರಿಸುತ್ತೇವೆ,” ಎಂದರು ಮೆಲ್ಲಗೆ. “ಚಂದಮ್ಮ, ಮೂರು ಬೆರಳು ಸಾಕು. ಕಾಲು ನಿಮ್ಮದೇ.”

ಚಂದಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು.

ಡಾಕ್ಟರು ಬಿರಾದಾರರತ್ತ ತಿರುಗಿದರು. “ಆ ನೀರು ಇನ್ನೆಷ್ಟಿದೆ? ನನ್ನ ವಾರ್ಡಿನಲ್ಲಿ ಈ ವಾರ ಕತ್ತರಿಸಬೇಕಾದ ಕಾಲುಗಳು ಹನ್ನೊಂದಿವೆ.”