ಆಲ್ಡರ್ ಕ್ಲಫ್ ಬಳಗದ ಪುಸ್ತಕ

೨೦೧೯ರ ಫೆಬ್ರವರಿ ೪, ಸೋಮವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕೌಲ್ಡನ್ ಪೊಲೀಸ್ ಠಾಣೆಗೆ ಡಾಟ್ ಕ್ರ್ಯಾಬ್‌ಟ್ರೀ ಎಂಬ ಎಪ್ಪತ್ತನಾಲ್ಕು ವರ್ಷದ ಹೆಂಗಸು ಬಂದರು. ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ದೂರು ಬರೆದುಕೊಳ್ಳಲು ಕುಳಿತ ಕಾನ್‌ಸ್ಟೇಬಲ್ ತಾರಿಖ್ ಮಹಮೂದ್ ಎರಡು ಸಾಲು ಬರೆಯುವಷ್ಟರಲ್ಲಿ ಪೆನ್ನು ಕೆಳಗಿಟ್ಟು ಒಳಗೆ ಹೋದ.

"ಮ್ಯಾಡಮ್, ಒಬ್ಬ ಅಜ್ಜಿ ಬಂದಿದಾರೆ. ಪುಸ್ತಕ ಕಳುವಾಗಿದೆಯಂತೆ. ಮಾಟಗಾತಿಯರ ಪುಸ್ತಕ."

ಇನ್ಸ್‌ಪೆಕ್ಟರ್ ಬ್ರೆಂಡಾ ಹಾಲ್‌ರಾಯ್ಡ್ ಚಹಾದ ಲೋಟದಿಂದ ತಲೆ ಎತ್ತಿದಳು. "ಅವರು ಹಾಗಂದ್ರಾ, ನೀನು ಸೇರಿಸಿದ್ಯಾ?"

"ಅವರೇ ಅಂದಿದ್ದು. ಯಾವ ಪುಸ್ತಕ ಅಂತ ಕೇಳ್ದೆ. 'ನಾವು ಮಾಟಗಾತಿಯರು ಕಣಪ್ಪ, ನಮ್ಮ ಪುಸ್ತಕ' ಅಂದ್ರು. ಒಳಗೆ ಕರೀಲಾ?"

ಡಾಟ್ ಬಂದು ಕುಳಿತರು. ಆಲ್ಡರ್ ಕ್ಲಫ್ ಬಳಗ ಶುರುವಾಗಿದ್ದು ೧೯೭೮ರಲ್ಲಿ. ವರ್ಷಕ್ಕೆ ಎಂಟು ಸಲ, ಋತು ಮಗ್ಗುಲು ಬದಲಿಸುವಾಗಲೆಲ್ಲ, ಹಳೆಯ ನೇಕಾರರ ಸಭಾಗೃಹದಲ್ಲಿ ಸೇರುತ್ತಾರೆ. ಈಗ ಮೂವತ್ತೆರಡು ಜನ. ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ವಸಂತಕ್ಕೆ ಬಾಗಿಲು ತೆರೆಯುವ ಕೂಟ ಇತ್ತು. ಮೇಣದ ಬತ್ತಿ ಹಚ್ಚಿ, ಮಣ್ಣಿಗೆ ಹಾಲೆರೆದು, ಸೂಪು ಕುಡಿದು ಎಲ್ಲರೂ ಮನೆಗೆ ಹೋಗಿದ್ದರು. ಸೋಮವಾರ ಏಳೂವರೆಗೆ ಕೂಟದ ವಿವರ ಬರೆಯೋಣವೆಂದು ಡಾಟ್ ಸಭಾಗೃಹದ ಅಡುಗೆಮನೆಯ ಕಪಾಟಿನಲ್ಲಿದ್ದ ತಗಡಿನ ಡಬ್ಬಿ ತೆರೆದಿದ್ದಾರೆ. ಪುಸ್ತಕಕ್ಕೆ ಸುತ್ತುತ್ತಿದ್ದ ಬಟ್ಟೆ ಹಾಗೇ ಇದೆ. ಒಳಗಿದ್ದದ್ದು ಹಳೆಯ ನಕಾಶೆ ಪುಸ್ತಕ.

"ಅಂಥದ್ದೇನು ಬರ್ದಿತ್ತು ಅದ್ರಲ್ಲಿ?" ಬ್ರೆಂಡಾ ಕೇಳಿದಳು.

"ಜನ ಇದ್ರು ಕಣಮ್ಮ. ಹೆಸರು, ವಿಳಾಸ, ಯಾರಿಗೆ ಏನು ಕಷ್ಟ, ಯಾರಿಗೆ ಯಾರನ್ನ ಕಂಡ್ರೆ ಆಗಲ್ಲ. ಎಲ್ಲಾ ನಂಬಿ ಹೇಳ್ಕೊಂಡಿದ್ದು." ಡಾಟ್ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡರು. "ಫರ್ನ್ ಅಂತ ಹುಡುಗಿ ಇದಾಳೆ, ಶಿಶುವಿಹಾರದ ಟೀಚರ್. ಅವಳು ನಮ್ಮೋಳು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಿ ನಾಲ್ಕು ಜನ ಅಪ್ಪ ಅಮ್ಮಂದಿರು ದೂರು ಕೊಟ್ರೆ ಸಾಕು, ಕೆಲಸ ಹೋಗುತ್ತೆ. ಬೆಳಿಗ್ಗೆ ಫೋನ್ ಮಾಡ್ದೆ. ಅತ್ತಳು."

ಬ್ರೆಂಡಾ ಅಲ್ಲಿಯವರೆಗೆ ಇದನ್ನು ಅರ್ಧ ತಮಾಷೆಯಾಗಿಯೇ ಕೇಳಿಸಿಕೊಂಡಿದ್ದಳು. ಈಗ ಎದ್ದು ಕೋಟು ಹಾಕಿಕೊಂಡಳು. ಒಂಬತ್ತು ಐವತ್ತಕ್ಕೆ ಕಳವಿನ ಪ್ರಕರಣ ದಾಖಲಾಯಿತು.

ಹತ್ತು ನಲವತ್ತಕ್ಕೆ ಸಭಾಗೃಹದಲ್ಲಿ ಪಂಚನಾಮೆ ನಡೆಯಿತು. ಕಪಾಟಿಗೆ ಬೀಗವಿಲ್ಲ. ಡಬ್ಬಿಯ ಪಕ್ಕದಲ್ಲೇ ಬೆಳ್ಳಿಯ ಬಟ್ಟಲು ಇತ್ತು, ಯಾರೂ ಮುಟ್ಟಿರಲಿಲ್ಲ. ಪುಸ್ತಕ ಇಡುತ್ತಿದ್ದ ಡಬ್ಬಿಯ ತಳದಲ್ಲಿ ಅದರ ಚೌಕದ ಗುರುತು ಮೂಡಿತ್ತು. ತಾರಿಖ್ ನಕಾಶೆ ಪುಸ್ತಕವನ್ನು ಆ ಗುರುತಿನ ಮೇಲೆ ಇಟ್ಟು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಅಳತೆ ಗೊತ್ತಿದ್ದೋನು ಇಟ್ಟಿದಾನೆ," ಅಂದ.

"ಗೊತ್ತಿರಬೇಕಾದ್ರೆ ಮುಂಚೆ ಒಂದ್ಸಲ ಇಲ್ಲಿಗೆ ಬಂದಿರಬೇಕು," ಅಂದಳು ಬ್ರೆಂಡಾ. ನಕಾಶೆಯ ಹಿಂಬದಿಯಲ್ಲಿ ಪಟ್ಟಣದ ಧರ್ಮದಂಗಡಿಯ ಚೀಟಿ ಅರ್ಧ ಹರಿದು ಉಳಿದಿತ್ತು. ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಅಂಗಡಿ ಅದು. ಸೋಮವಾರ ಅದಕ್ಕೆ ರಜೆ.

ಮಧ್ಯಾಹ್ನ ಒಂದೂವರೆಗೆ ಬಸ್ ಡಿಪೋದಲ್ಲಿ ಬಳಗದ ಮುಖ್ಯಸ್ಥ ನೈಜೆಲ್ ಥ್ವೇಟ್ ಸಿಕ್ಕ. ಬಸ್ ಚಾಲಕ. ಮಾಂಸದ ಕಡುಬು ತಿನ್ನುತ್ತಲೇ ಉತ್ತರ ಕೊಟ್ಟ.

"ನೀವೇನಾ ಮುಖ್ಯಸ್ಥರು?"

"ಈ ವರ್ಷಕ್ಕೆ. ಅಕ್ಟೋಬರ್ ಆದ್ಮೇಲೆ ಒಂದು ವರ್ಷ ಪಾತ್ರೆ ತೊಳೆಯೋದು ನಂದು."

"ಮುಖ್ಯಸ್ಥ ಆಗಿದ್ದೋರು ಪಾತ್ರೆ ತೊಳೀತಾರಾ?"

"ತೊಳೀಲೇಬೇಕು. ಅದಕ್ಕೇ ಯಾರಿಗೂ ತಲೆ ತಿರುಗಿಲ್ಲ."

"ಜಗಳ ಆಡ್ಕೊಂಡು ಬಿಟ್ಟು ಹೋದೋರು ಇದಾರಾ?"

"ಜಗಳಕ್ಕೇನು ಬರ ಇಲ್ಲ. ಆದ್ರೆ ಬಿಟ್ಟು ಹೋಗಬೇಕಾದ್ರೆ, ಜಗಳ ಆಡಿದೋರ ಮನೇಲಿ ಮೂರು ಸಲ ಊಟ ಮಾಡಿ ಹೋಗ್ಬೇಕು ಅಂತ ನಿಯಮ. ಮೂರನೇ ಊಟದ ಹೊತ್ತಿಗೆ ಸಿಟ್ಟು ಯಾಕೆ ಬಂದಿತ್ತು ಅನ್ನೋದೇ ನೆನಪಿರಲ್ಲ."

ಬ್ರೆಂಡಾಳಿಗೆ ತಾನು ಹಾಡುತ್ತಿದ್ದ ಗಾಯಕವೃಂದದ ನೆನಪಾಯಿತು. ಹೋದ ವರ್ಷ ಮುಂದೆ ನಿಂತು ಕೋಲು ಬೀಸಿ ಹಾಡಿಸುವುದು ಯಾರು ಎಂಬ ಮಾತಿಗೆ ಅದು ಎರಡಾಗಿತ್ತು, ಈಗ ಎರಡೂ ಇರಲಿಲ್ಲ.

ಭಾನುವಾರ ಹೊರಗಿನವರು ಐದು ಜನ ಬಂದಿದ್ದರು. ನಾಲ್ವರು ಒಟ್ಟಿಗೆ ಬಂದು ಒಟ್ಟಿಗೆ ಹೋದವರು. ಐದನೆಯವನು ತನ್ನ ಹೆಸರು ಆಲ್ರಿಕ್ ಎಂದಿದ್ದ. ಎತ್ತರದ ಆಳು, ಬಿಳಿ ಗಡ್ಡ, ಅರವತ್ತರ ಆಸುಪಾಸು.

"ಡಿಸೆಂಬರ್ ಕೂಟಕ್ಕೂ ಬಂದಿದ್ದ," ಅಂದ ನೈಜೆಲ್. "ಬೇಡ ಅಂದ್ರೂ ಕೇಳದೆ ಅಡುಗೆಮನೇಲಿ ನಿಂತು ಲೋಟ ಒರೆಸಿಕೊಟ್ಟ. ಒಳ್ಳೇ ಮನುಷ್ಯ ಅಂದ್ಕೊಂಡ್ವಿ."

ಫೆಬ್ರವರಿ ೫, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಧರ್ಮದಂಗಡಿ ತೆರೆಯಿತು. ಅದನ್ನು ನೋಡಿಕೊಳ್ಳುವ ಪ್ರೂಡೆನ್ಸ್ ಶಾ ನಕಾಶೆ ಕಂಡ ಕೂಡಲೇ ನಕ್ಕರು.

"ಇದನ್ನ ಮರೆಯೋ ಹಾಗಿದೆಯಾ? ಓದಿ ನೋಡಿ ಪುಸ್ತಕ ಕೊಳ್ಳೋರನ್ನ ನೋಡಿದೀನಿ. ಅಳೆದು ನೋಡಿ ಕೊಂಡೋನು ಅವನೊಬ್ಬನೇ. ಜೇಬಿಂದ ಅಳತೆಕೋಲು ತೆಗೆದು ಅರ್ಧ ಗಂಟೆ ಕೂತಿದ್ದ."

"ಅವನ ಪರಿಚಯ ಇದೆಯಾ?"

"ಕೀತ್ ಅಲ್ವಾ? ಕೀತ್ ಬಾಟಮ್ಲಿ. ಮಿಲ್ ಬೀದೀಲಿ ಫೋಟೋಗೆ ಕಟ್ಟು ಹಾಕಿಕೊಡ್ತಾನೆ. ಪಾಪ, ಸಂಭಾವಿತ."

ಅಂದು ಕೀತನ ಅಂಗಡಿ ಮುಚ್ಚಿತ್ತು. ಅವನ ಬಗ್ಗೆ ತಾರಿಖ್ ಸಂಜೆಯೊಳಗೆ ಮಾಹಿತಿ ಕಲೆಹಾಕಿದ. ಆಲ್ರಿಕ್ ಎಂಬ ಹೆಸರಿನಲ್ಲಿ ಕೀತ್ ಮೂರು ಗೂಢವಿದ್ಯೆಯ ಸಂಘಗಳನ್ನು ಕಟ್ಟಿದ್ದ. ಮೂರರಲ್ಲೂ ಮಹಾಗುರು ಅವನೇ. ಮೊದಲನೆಯದು ಏಳು ವರ್ಷ ಬಾಳಿತು, ಎರಡನೆಯದು ನಾಲ್ಕು, ಮೂರನೆಯದು ಒಂದೂವರೆ.

"ಒಳ್ಳೊಳ್ಳೆ ನಿಲುವಂಗಿ ಹೊಲಿಸಿದ್ದ ಮ್ಯಾಡಮ್. ಫೋಟೋ ಇದೆ ನೋಡಿ."

"ಮುಖದಲ್ಲಿ ನಗು ಒಬ್ಬರಿಗೂ ಇಲ್ವಲ್ಲೋ," ಅಂದಳು ಬ್ರೆಂಡಾ.

ಫೆಬ್ರವರಿ ೬, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಮಿಲ್ ಬೀದಿಗೆ ಹೋದರು. ಕೀತ್ ಒಳಗಿನ ಮೇಜಿಗೆ ಬಾಗಿ ಏನೋ ಬರೆಯುತ್ತಿದ್ದ. ಎಡಗಡೆ ಬಳಗದ ದಪ್ಪ ಪುಸ್ತಕ, ಬಲಗಡೆ ಹೊಸ ನೋಟು ಪುಸ್ತಕ. ಸಮವಸ್ತ್ರ ಕಂಡರೂ ಅವನು ಮುಚ್ಚಿಡಲು ಹೋಗಲಿಲ್ಲ.

"ಇನ್ನೊಂದು ವಾರ ಸಿಕ್ಕಿದ್ರೆ ವಾಪಸ್ ಇಟ್ಟುಬಿಡ್ತಿದ್ದೆ," ಅಂದ.

"ಯಾರಿಗಾದ್ರೂ ತೋರಿಸಿದೀರಾ?"

"ಇಲ್ಲ."

"ಫೋಟೋ ತೆಗೆದಿದೀರಾ? ಬೇರೆ ಪ್ರತಿ?"

"ಇಲ್ಲ. ಕೈಯಲ್ಲಿ ಬರೀತಿದೀನಲ್ಲ, ಇದೊಂದೇ."

ಹನ್ನೊಂದು ಇಪ್ಪತ್ತಕ್ಕೆ ಅವನನ್ನು ಬಂಧಿಸಿ ಎರಡೂ ಪುಸ್ತಕಗಳನ್ನು ವಶಕ್ಕೆ ಪಡೆದರು. ಬರೆದದ್ದು ಏನೆಂದು ದೃಢಪಡಿಸಿಕೊಳ್ಳಲು ಬ್ರೆಂಡಾ ಬಳಗದ ಪುಸ್ತಕದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಒಂದೆರಡು ಹಾಳೆ ತಿರುವಿದಳು. ಮಂತ್ರವಿಲ್ಲ, ಮಂಡಲವಿಲ್ಲ. 'ಐವಿಗೆ ಹಾಲು ಒಗ್ಗುವುದಿಲ್ಲ, ಅವಳಿಗೆ ಬೇರೆ ಸೂಪು.' 'ಮಂಗಳವಾರ ಹ್ಯಾರಲ್ಡ್‌ನನ್ನು ಆಸ್ಪತ್ರೆಗೆ ಕರೆದೊಯ್ಯುವುದು ನೈಜೆಲ್.' 'ರೋವನ್ ಹೊಸಬಳು, ಮಾತು ಕಮ್ಮಿ, ಪಕ್ಕದಲ್ಲಿ ಯಾರಾದರೂ ಕುಳಿತಿರಿ.' ನಲವತ್ತೊಂದು ವರ್ಷವೂ ಇದೇ.

ಠಾಣೆಯಲ್ಲಿ ಹೇಳಿಕೆ ಶುರುವಾದದ್ದು ಹನ್ನೆರಡು ಗಂಟೆಗೆ.

"ಏನು ಸಿಗುತ್ತೆ ಅಂತ ತಗೊಂಡ್ರಿ?"

"ಗುಟ್ಟು. ಯಾವುದೋ ಹಳೇ ವಿಧಿ, ಆಣೆ, ಅಂಥದ್ದು. ಅಲ್ದಿದ್ರೆ ಅಡುಗೆಯೋಳೂ ಬಸ್ಸಿನೋನೂ ಸೇರ್ಕೊಂಡು ನಲವತ್ತೊಂದು ವರ್ಷ ನಡೆಸೋಕಾಗುತ್ತಾ ಅನ್ನಿಸ್ತು."

"ಓದಿದ್ಮೇಲೆ?"

"ಭಾನುವಾರ ಸಿಟ್ಟು ಬಂತು. ಮೋಸ ಹೋದೆ ಅನ್ನಿಸ್ತು." ಕೀತ್ ಕುರ್ಚಿಯಲ್ಲಿ ಸ್ವಲ್ಪ ವಾಲಿ ಕುಳಿತ. "ಮೂರು ವರ್ಷದ ಹಿಂದೆ ನನ್ನ ಸೊಂಟದ ಆಪರೇಷನ್ ಆಯ್ತು. ಆಗ ನನ್ನ ಸಂಘದಲ್ಲಿ ಹದಿನೇಳು ಜನ. ಒಬ್ಬರೂ ನೋಡೋಕೆ ಬರ್ಲಿಲ್ಲ. ಎಂಥ ಕೃತಘ್ನರು ಅಂತ ಇಷ್ಟು ದಿನ ಬೈತಿದ್ದೆ. ಸೋಮವಾರ ಈ ಪುಸ್ತಕ ಓದ್ತಾ ಹೊಳೀತು. ಆ ಹದಿನೇಳು ಜನದಲ್ಲಿ ಒಬ್ಬರ ಮನೇನೂ ಎಲ್ಲಿದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಮತ್ತೆ ಯಾಕೆ ನಕಲು ಮಾಡ್ತಿದ್ರಿ?"

"ಕಲಿಯೋಣ ಅಂತ," ಅಂದ. ತಾರಿಖ್ ಅದನ್ನು ಹಾಗೆಯೇ ಬರೆದುಕೊಂಡ.

ಮೊದಲ ಅಪರಾಧ, ತಪ್ಪೊಪ್ಪಿಗೆಯೂ ಇತ್ತು. ಡಾಟ್ ಕೋರ್ಟು ಬೇಡ ಎಂದರು, ಆದರೆ ಬಳಗದ ಎಲ್ಲರನ್ನೂ ಕೇಳದೆ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ಕೇಳಿ ಮುಗಿಯಲು ಎರಡು ದಿನ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಲಿಖಿತ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಲಾಯಿತು. ನಕಲು ಪ್ರತಿಯನ್ನು ಡಾಟ್ ಮತ್ತು ಫರ್ನ್ ಕಣ್ಣೆದುರೇ ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಕೊನೆಯ ಹಾಳೆ ಹೋಗುವವರೆಗೂ ಫರ್ನ್ ಅಲ್ಲೇ ನಿಂತಿದ್ದಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, ಮಕ್ಕಳಿಗೆ ಬಣ್ಣದ ಕಾಗದ ತರಬೇಕು ಎನ್ನುತ್ತ ಹೊರಟಳು.

ಕೀತ್ ಒಂದು ಚೀಟಿ ಕೊಟ್ಟಿದ್ದ. ಕ್ಷಮೆ ಕೇಳಿ, ಮುಂದೆ ಯಾವಾಗಲಾದರೂ ಕೂಟಕ್ಕೆ ಬರಬಹುದೇ ಎಂದು ಬರೆದಿದ್ದ. ಪುಸ್ತಕ ಪಡೆದುಕೊಂಡ ಡಾಟ್ ಕೌಂಟರಿನ ಮೇಲೇ ಅದನ್ನು ತೆರೆದು ಬರೆಯತೊಡಗಿದರು.

"ಏನು ಬರೀತಿದೀರಾ?" ಬ್ರೆಂಡಾ ಕೇಳಿದಳು.

ಡಾಟ್ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

'ಫೆಬ್ರವರಿ ೮. ಪುಸ್ತಕ ಸಿಕ್ಕಿತು. ಕೀತ್ ಬಾಟಮ್ಲಿ ಬರಲೇ ಎಂದು ಕೇಳಿದ್ದಾನೆ. ಫರ್ನ್ ಬೇಡ ಎನ್ನುತ್ತಾಳೆ. ಅವಳ ಮಾತು ನಡೆಯಲಿ. ಮೇ ತಿಂಗಳಲ್ಲಿ ಅವಳನ್ನು ಮತ್ತೊಮ್ಮೆ ಕೇಳುವುದು. ಅಲ್ಲಿಯವರೆಗೆ ಗುರುವಾರ ಗುರುವಾರ ಅವನಿಗೆ ಸೂಪು ಕೊಟ್ಟು ಬರುವುದು ಡಾಟ್.'