ನೆಟ್ಟಗೆ ನಿಂತ ಮುಳ್ಳು

“ಬಂತು, ಬಂತು! ಈ ಸುತ್ತಲ್ಲೂ ಸ್ಲೋ ಮಾಡ್ಲಿಲ್ಲ!”

ರೇಸಿನ ನಡುವೆ ಕಾರು ಬಂದು ನಿಲ್ಲುವ ಪಿಟ್ಟಿನ ಗೋಡೆಯನ್ನು ದೊಡ್ಡಮ್ಮ ಅಂಗೈಯಿಂದ ಪಟಪಟ ಬಡಿದಳು. ಕೆಂಪು ಕಾರು ತಿರುವಿನಿಂದ ಹೊರಬಿದ್ದು ಅವರ ಮುಂದೆಯೇ ಗುಂಯ್ ಎಂದು ಹಾದುಹೋಯಿತು. ಹೆಲ್ಮೆಟ್ಟಿನೊಳಗಿದ್ದದ್ದು ಅಮ್ಮ. ಹಿಂದೆಯೇ, ಬಾಲ ಹಿಡಿದುಕೊಂಡ ಹಾಗೆ, ಹಲ್ಲಿನ ಡಾಕ್ಟರ ಬಿಳಿ ಕಾರು.

“ಅಮ್ಮಾ! ಬಿಡ್ಬೇಡ ಅವರನ್ನ!” ನೀಟಮ್ಮ ಕುಣಿದು ಕೂಗಿದಳು.

ನೀಟಮ್ಮ ಅವಳ ನಿಜವಾದ ಹೆಸರಲ್ಲ. ಕ್ಲಾಸಿನಲ್ಲಿ ಗೋಡೆಯ ಮ್ಯಾಪು ಒಂದಿಷ್ಟು ವಾಲಿದ್ದರೂ ಸಾಕು, ಅವಳ ತಲೆಗೆ ಪಾಠ ಹೋಗುತ್ತಿರಲಿಲ್ಲ. ಎದ್ದುಹೋಗಿ ಸರಿಮಾಡಿ ಬಂದರೇ ಸಮಾಧಾನ. ಕ್ಲಾಸಿನವರು ಇಟ್ಟ ಆ ಹೆಸರು ಈಗ ಮನೆಯಲ್ಲೂ ಅಂಟಿಕೊಂಡಿತ್ತು.

ಕೆಂಪು ಕಾರಿಗೆ ಅಮ್ಮನಿಗಿಂತ ಹೆಚ್ಚು ವಯಸ್ಸು. ಗ್ಯಾರೇಜು ನಡೆಸುವ ದೊಡ್ಡಮ್ಮ ಅದನ್ನು ಹಳೇ ಹುಲಿ ಎನ್ನುತ್ತಿದ್ದಳು. ಹುಲಿಗಿದ್ದದ್ದು ಒಂದೇ ಕಾಯಿಲೆ, ಜ್ವರ. ನಾಲ್ಕೈದು ಸುತ್ತು ಜೋರಾಗಿ ಓಡಿತೆಂದರೆ ಎಂಜಿನ್ ಆಯಿಲ್ ವಿಪರೀತ ಕಾದು ತೆಳ್ಳಗಾಗುತ್ತಿತ್ತು. ತೆಳ್ಳಗಾದ ಆಯಿಲ್ ಒಳಗಿನ ಬೇರಿಂಗುಗಳನ್ನು ಕಾಪಾಡಲಾರದು. ಲೋಹಕ್ಕೆ ಲೋಹ ಉಜ್ಜಿ ಸವೆದುಹೋಗುತ್ತದೆ. ಆ ಬೇರಿಂಗುಗಳನ್ನು ಮಾಡುವವರು ಈಗ ಯಾರೂ ಇಲ್ಲ.

“ಒಂದ್ಸಲ ಬೇರಿಂಗ್ ಹೋಯ್ತೋ, ಹುಲಿ ಕತೆ ಮುಗೀತು,” ಎಂದು ದೊಡ್ಡಮ್ಮ ಎಷ್ಟೋ ಸಲ ಹೇಳಿದ್ದಳು.

ಹಾಗಾಗಿ ಪ್ರತಿ ರೇಸಿನಲ್ಲೂ ಅಮ್ಮ ನಡುವೆ ಒಂದು ಸುತ್ತು ನಿಧಾನವಾಗಿ ಓಡಿಸಿ ಆಯಿಲ್ ತಣ್ಣಗಾಗಲು ಬಿಡಬೇಕಿತ್ತು. ಅಷ್ಟರಲ್ಲಿ ಹಿಂದಿದ್ದವರೆಲ್ಲ ಮುಂದೆ. ಈ ಸಲ ದೊಡ್ಡಮ್ಮ ದೊಡ್ಡದೊಂದು ಆಯಿಲ್ ಕೂಲರ್ ತಂದು ಬಂಪರಿನ ಹಿಂದೆ ಕೂರಿಸಿದ್ದಳು. ಅದಕ್ಕೆ ನೇರವಾಗಿ ಗಾಳಿ ಬಡಿಯಲೆಂದು ತಗಡು ಬಗ್ಗಿಸಿ ಒಂದು ಕೊಳವೆಯನ್ನೂ ಮಾಡಿದ್ದಳು. ಇವತ್ತು ಅಮ್ಮ ಒಮ್ಮೆಯೂ ನಿಧಾನ ಮಾಡಿರಲಿಲ್ಲ.

“ಏನ್ ನೀಟಮ್ಮಾ, ನಿಮ್ಮ ಕುಕ್ಕರ್ ಇವತ್ತು ವಿಷಲ್ ಹೊಡೀಲೇ ಇಲ್ಲ?” ಬೇಲಿಯ ಆಚೆಯಿಂದ ಡಾಕ್ಟರ ಮಗ ಕೇಳಿದ. ಇಬ್ಬರೂ ಒಂದೇ ಕ್ಲಾಸು.

“ಹೋಗೋ! ನಿಮ್ಮಪ್ಪ ಇನ್ನೂ ನಮ್ಮ ಹಿಂದೇನೇ ಇದಾರೆ. ಹೊಗೆ ಕುಡೀತಾ ಬರ್ಲಿ!”

ಅವನು ದೊಡ್ಡಮ್ಮನ ಕಡೆ ತಿರುಗಿದ. “ಆಂಟೀ, ಹೋದ್ಸಲ ನಿಮ್ಮ ಕಾರೊಳಗೆ ಇಣುಕಿ ನೋಡಿದ್ದೆ. ಆಯಿಲ್ ಬಿಸಿ ತೋರ್ಸೋ ಮೀಟರ್ ಎಷ್ಟು ಸೊಟ್ಟ ಇತ್ತು! ಅಂಕಿ ಓದೋಕೆ ನಾನೇ ಕತ್ತು ವಾಲಿಸ್ಬೇಕಾಯ್ತು. ಎಂಥಾ ಫಿಟ್ಟಿಂಗ್ ಆಂಟೀ ಅದು?”

ನೀಟಮ್ಮ ಒಳಗೊಳಗೇ ನಕ್ಕಳು. ನಿನ್ನೆ ಸಂಜೆ ಕಾರಿನ ಒಳಗೆಲ್ಲ ಒರೆಸುವಾಗ ಅವಳೇ ಅದನ್ನು ಸರಿಮಾಡಿದ್ದಳು. ಬಲಕ್ಕೆ ವಾಲಿದ್ದ ಮೀಟರನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರೆ, ರಬ್ಬರ್ ಉಂಗುರದೊಳಗೆ ಮೆಲ್ಲಗೆ ತಿರುಗಿ ನೆಟ್ಟಗಾಗಿತ್ತು. ರೇಸು ಮುಗಿದ ಮೇಲೆ ಎಲ್ಲರಿಗೂ ತೋರಿಸೋಣ ಎಂದುಕೊಂಡು ಸುಮ್ಮನಿದ್ದಳು.

“ಬೇಕೂಂತಲೇ ಸೊಟ್ಟ ಕೂರಿಸಿದ್ದು ಕಣಪ್ಪಾ,” ಎಂದಳು ದೊಡ್ಡಮ್ಮ. “ಆ ಸ್ಪೀಡಲ್ಲಿ ಅಂಕಿ ಓದ್ತಾ ಕೂತ್ರೆ ನಿಮ್ಮಪ್ಪನ ಡಿಕ್ಕಿಯೊಳಗೆ ಹೋಗಿ ಕೂರ್ಬೇಕಾಗತ್ತೆ. ಅದಕ್ಕೆ ಆಯಿಲ್ ತಡ್ಕೊಳ್ಳೋ ನೂರ ಹತ್ತು ಡಿಗ್ರಿ ಸರಿಯಾಗಿ ಮೇಲಕ್ಕೆ ಬರೋ ಹಾಗೆ ತಿರುಗಿಸಿಟ್ಟಿದೀನಿ. ಮುಳ್ಳು ನೆಟ್ಟಗೆ ನಿಂತಿದ್ರೆ ಓಡಿಸು, ಬಲಕ್ಕೆ ವಾಲಿದ್ರೆ ಸ್ಲೋ ಮಾಡು. ಕಣ್ಣು ಮಿಟುಕಿಸೋದ್ರೊಳಗೆ ಗೊತ್ತಾಗ್ಬೇಕು.”

ನೀಟಮ್ಮನ ನಗು ಅಲ್ಲೇ ನಿಂತುಹೋಯಿತು.

ನಿನ್ನೆ ನೆಟ್ಟಗೆ ಮಾಡಿದ ಮೇಲೆ ಮೀಟರಿನ ಮೇಲ್ತುದಿಯಲ್ಲಿ ಯಾವ ಅಂಕಿ ಇತ್ತು? ಬಟ್ಟೆಯಿಂದ ಗಾಜು ಒರೆಸಿದ್ದು ನೆನಪಾಯಿತು. ನೂರ ಮೂವತ್ತು. ಅಂದರೆ ಅಮ್ಮ ನೆಟ್ಟಗಿರುವ ಮುಳ್ಳನ್ನು ನೋಡಿ ಎಲ್ಲಾ ಸರಿಯಿದೆ ಎಂದುಕೊಂಡು ಓಡಿಸುತ್ತಲೇ ಇದ್ದಾಳೆ. ಅಲ್ಲಿ ಆಯಿಲ್ ನೂರ ಹತ್ತನ್ನು ಯಾವಾಗಲೋ ದಾಟಿ...

ಕೆಂಪು ಕಾರು ಮತ್ತೆ ಹಾದುಹೋಯಿತು. ಬಿಳಿ ಕಾರು ಈಗ ಇನ್ನೂ ಸ್ವಲ್ಪ ಹಿಂದೆ ಬಿದ್ದಿತ್ತು.

“ಇನ್ನು ಎರಡೇ ಸುತ್ತು!” ದೊಡ್ಡಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಎರಡೇ ಸುತ್ತು. ಸುಮ್ಮನಿದ್ದರೆ ಅಮ್ಮ ಗೆದ್ದರೂ ಗೆಲ್ಲಬಹುದು. ಆಮೇಲೆ ಮೀಟರನ್ನು ಯಾರಿಗೂ ಕಾಣದ ಹಾಗೆ ತಿರುಗಿಸಿಬಿಟ್ಟರೆ? ನೀಟಮ್ಮ ಕಾರು ಕಣ್ಮರೆಯಾದ ತಿರುವನ್ನೇ ನೋಡಿದಳು. ಹುಲಿಯ ಸದ್ದು ದೂರದಿಂದ ಇನ್ನೂ ಕೇಳುತ್ತಿತ್ತು.

“ದೊಡ್ಡಮ್ಮ.”

“ಇರೇ, ಟೈಮ್ ನೋಡ್ತಿದೀನಿ.”

“ದೊಡ್ಡಮ್ಮ, ಮೀಟರ್ ಈಗ ಸೊಟ್ಟ ಇಲ್ಲ. ನಾನು ನೆಟ್ಟಗೆ ಮಾಡ್ಬಿಟ್ಟೆ.”

ದೊಡ್ಡಮ್ಮ ತಿರುಗಿ ನೋಡಿದಳು. ಬೈಯಲಿಲ್ಲ. “ಎಷ್ಟು ತಿರುಗಿಸಿದೆ? ಕೈಯಲ್ಲಿ ತೋರಿಸು.”

ನೀಟಮ್ಮ ಅಂಗೈಯನ್ನು ಬಲಕ್ಕೆ ವಾಲಿಸಿ, ಮೆಲ್ಲಗೆ ನೆಟ್ಟಗೆ ಮಾಡಿ ತೋರಿಸಿದಳು. “ಮೇಲೆ ನೂರ ಮೂವತ್ತು ಬಂತು.”

“ಬೋರ್ಡ್ ಎತ್ತು!”

ದೊಡ್ಡ ಬಾಣದ ಗುರುತಿದ್ದ ಹಳದಿ ಬೋರ್ಡು ಗೋಡೆಗೆ ಒರಗಿಕೊಂಡಿತ್ತು. ಅದನ್ನು ತೋರಿಸಿದರೆ ಪಿಟ್ಟಿನೊಳಗೆ ಬಾ ಎಂದು ಅರ್ಥ. ಇಬ್ಬರೂ ಸೇರಿ ಅದನ್ನು ಗೋಡೆಯ ಮೇಲೆ ಎತ್ತಿ ಹಿಡಿದರು.

“ಅಯ್ಯೋ, ಯಾಕೆ ಕರೀತಿದೀರಾ? ನೀವೇ ಅಲ್ವಾ ಮುಂದಿರೋದು!” ಡಾಕ್ಟರ ಮಗನೇ ಗಾಬರಿಯಾಗಿ ಕೂಗಿದ.

ಕೆಂಪು ಕಾರು ತಿರುವಿನಿಂದ ಹೊರಬಂತು. ಒಂದು ಗಳಿಗೆ ಅದು ನೇರವಾಗಿ ಹೋಗಿಬಿಡುತ್ತದೆ ಅನ್ನಿಸಿತು. ಆಮೇಲೆ ಮೂಗು ಪಿಟ್ಟಿನ ಕಡೆ ತಿರುಗಿತು. ಬಿಳಿ ಕಾರು ಪಕ್ಕದಿಂದ ಸುಂಯ್ ಎಂದು ಮುಂದೆ ಹೋಯಿತು. ಅದರ ಹಿಂದೆ ಮತ್ತೊಂದು, ಮಗದೊಂದು.

ಸುಟ್ಟ ಎಣ್ಣೆಯ ಘಾಟು ಕಾರಿಗಿಂತ ಮೊದಲೇ ಬಂದು ತಲುಪಿತು.

ಅಮ್ಮ ಹೆಲ್ಮೆಟ್ ಕಿತ್ತು ಹೊರಗೆ ಕತ್ತು ಚಾಚಿದಳು. ಮುಖ ಕೆಂಪಗಾಗಿತ್ತು. “ಏನಕ್ಕಾ ನಿಂದು? ಯಾಕೆ ಕರೆದೆ? ಮುಳ್ಳು ನೆಟ್ಟಗೇ ಇತ್ತಲ್ಲ!”

“ಎಂಜಿನ್ ಆಫ್ ಮಾಡ್ಬೇಡ. ಸ್ವಲ್ಪ ಹೊತ್ತು ಹಾಗೇ ಓಡ್ಲಿ, ಆಯಿಲ್ ತಿರುಗ್ತಾ ಇರ್ಲಿ,” ಎನ್ನುತ್ತಾ ದೊಡ್ಡಮ್ಮ ಬಾನೆಟ್ ಎತ್ತಿದಳು. ಬಿಸಿ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು.

ನೀಟಮ್ಮ ಕಿಟಕಿಯ ಹತ್ತಿರ ಹೋದಳು. “ಮೀಟರ್ ಸೊಟ್ಟ ಇದೆ ಅಂತ ನಾನು ತಿರುಗಿಸಿದ್ದೆ, ಅಮ್ಮ. ಯಾರನ್ನೂ ಕೇಳ್ಲಿಲ್ಲ.”

ಅಮ್ಮ ಮೀಟರನ್ನು ದಿಟ್ಟಿಸಿದಳು. ಗ್ಲೌಸ್ ಹಾಕಿದ ಬೆರಳಿನಿಂದ ಮೇಲ್ತುದಿಯ ನೂರ ಮೂವತ್ತನ್ನು ಮುಟ್ಟಿದಳು. ಆಚೆ ಚಪ್ಪಾಳೆ ಕೇಳಿಸಿತು. ರೇಸು ಮುಗಿದಿತ್ತು.

“ಅಂಕಿ ನಾನೂ ನೋಡ್ಲಿಲ್ಲ,” ಎಂದಳು ಕೊನೆಗೆ. “ಮುಂದೆ ಯಾರೂ ಇರ್ಲಿಲ್ಲ ನೋಡು, ಅದೇ ಖುಷೀಲಿದ್ದೆ.” ಧ್ವನಿ ಸಣ್ಣಗಿತ್ತು. ಅವಳು ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು ಎಂದು ನೀಟಮ್ಮನಿಗೆ ಅನ್ನಿಸಿತು.

ಎಂಜಿನ್ ಕೈಯಿಟ್ಟು ಮುಟ್ಟುವಷ್ಟು ತಣ್ಣಗಾದ ಮೇಲೆ ದೊಡ್ಡಮ್ಮ ಆಯಿಲ್ ಫಿಲ್ಟರ್ ಬಿಚ್ಚಿದಳು. ಅದರ ತಗಡಿನ ಡಬ್ಬಿಯನ್ನು ಕತ್ತರಿಸಿ, ಒಳಗಿನ ಮಡಿಕೆ ಮಡಿಕೆ ಕಾಗದವನ್ನು ಹೊರಗೆಳೆದು ಬಿಸಿಲಲ್ಲಿ ಹರಡಿದಳು.

“ಬೇರಿಂಗ್ ಸವೆದಿದ್ರೆ ಇದರಲ್ಲಿ ಮಿಣಮಿಣ ಅನ್ನೋ ಚೂರು ಸಿಕ್ಕಿಹಾಕ್ಕೊಂಡಿರತ್ತೆ,” ಎಂದಳು.

ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಮೊದಲ ಮಡಿಕೆ, ಬರೀ ಕಪ್ಪು. ಎರಡನೆಯದೂ ಕಪ್ಪು. ದೊಡ್ಡಮ್ಮ ಅವಸರ ಮಾಡಲಿಲ್ಲ. ಒಂದೊಂದೇ ಮಡಿಕೆಯನ್ನು ಬೆರಳಲ್ಲಿ ಬಿಡಿಸುತ್ತಾ ಹೋದಳು.

“ಅಲ್ಲಿ,” ಎಂದಳು ನೀಟಮ್ಮ. ಕೊನೆಯ ಅಂಚಿನಲ್ಲಿ ಕೂದಲೆಳೆಯಷ್ಟು ಏನೋ ಹೊಳೆಯುತ್ತಿತ್ತು.

ದೊಡ್ಡಮ್ಮ ಜೇಬಿನಿಂದ ಪುಟ್ಟದೊಂದು ಮ್ಯಾಗ್ನೆಟ್ ತೆಗೆದು ಹತ್ತಿರ ಹಿಡಿದಳು. ಚೂರು ಟಕ್ಕನೆ ಹಾರಿ ಅದಕ್ಕೆ ಅಂಟಿಕೊಂಡಿತು.

“ಬೇರಿಂಗ್ ಲೋಹ ಮ್ಯಾಗ್ನೆಟ್ಟಿಗೆ ಅಂಟಲ್ಲ. ಇದು ನಾನು ಈಗ ಡಬ್ಬಿ ಕುಯ್ದಾಗ ಬಿದ್ದ ಕಬ್ಬಿಣದ ಚೂರು.” ದೊಡ್ಡಮ್ಮ ನೆಲದ ಮೇಲೆ ಕೂತೇಬಿಟ್ಟಳು. “ಹುಲಿ ಬದುಕಿಕೊಂಡಿದೆ ಕಣ್ರೇ.”

ಅಮ್ಮ ನೀಟಮ್ಮನ ಭುಜ ಬಳಸಿ ಹಿಡಿದಳು.

“ಆದ್ರೂ ಅಷ್ಟು ದೊಡ್ಡ ಕೂಲರ್ ಹಾಕಿ ಇಷ್ಟು ಕಾದಿದೆ ಅಂದ್ರೆ, ತಪ್ಪು ನಂದೂ ಇದೆ,” ದೊಡ್ಡಮ್ಮ ಬಂಪರಿನ ಹಿಂದೆ ಟಾರ್ಚ್ ಬಿಟ್ಟು ನೋಡಿದಳು. “ಗಾಳಿ ಒಳಗೆ ಬರೋಕೆ ದಾರಿ ಮಾಡ್ದೆ. ಹೊರಗೆ ಹೋಗೋಕೆ ಮಾಡ್ಲೇ ಇಲ್ಲ. ಬಂದ ಗಾಳಿ ಅಲ್ಲೇ ಠಿಕಾಣಿ ಹೂಡಿದೆ.”

“ಭೇಷ್! ನಾವು ಮೂರೂ ಜನ ಸೇರಿ ಸೋತ್ವಿ ಅನ್ನು,” ಎಂದಳು ಅಮ್ಮ. ಮೊದಲ ಸಲ ಅವಳ ಮುಖದಲ್ಲಿ ನಗುವಿನ ಎಳೆ ಕಾಣಿಸಿತು.

ಕಾರನ್ನು ಟ್ರೇಲರಿಗೆ ಹತ್ತಿಸಿದರು. ನೀಟಮ್ಮ ಒರೆಸುವ ಬಟ್ಟೆ ಹಿಡಿದು ಒಂದು ಸುತ್ತು ಬಂದಳು. ಎಡಗಡೆಯ ಕನ್ನಡಿ ಕೆಳಕ್ಕೆ ಜೋತುಬಿದ್ದಿತ್ತು. ಕೈ ತಾನಾಗಿ ಮುಂದೆ ಹೋಯಿತು. ಮುಟ್ಟುವಷ್ಟರಲ್ಲಿ ನಿಂತಿತು.

“ದೊಡ್ಡಮ್ಮ, ಈ ಕನ್ನಡಿ ಯಾಕೆ ಹೀಗೆ ಕೆಳಗೆ ನೋಡ್ತಿದೆ? ಟೈರ್ ಕಾಣ್ಲಿ ಅಂತಾನಾ?”

ದೊಡ್ಡಮ್ಮ ಬಂದು ನೋಡಿದಳು. ತಲೆ ಕೆರೆದುಕೊಂಡಳು. “ಅದಾ? ಸುಮ್ನೆ ಸ್ಕ್ರೂ ಸಡಿಲ ಆಗಿದೆ ಅಷ್ಟೇ. ನೆಟ್ಟಗೆ ಮಾಡು.”

ಸ್ಕ್ರೂಡ್ರೈವರ್ ಕೈಗೆ ಬಂತು. ನೀಟಮ್ಮ ಅದನ್ನು ಸ್ಕ್ರೂಗೆ ತಾಗಿಸಿ, ಟ್ರೇಲರಿನ ಆ ತುದಿಯಲ್ಲಿ ಹಗ್ಗ ಬಿಗಿಯುತ್ತಿದ್ದ ಅಮ್ಮನ ಕಡೆ ತಿರುಗಿದಳು.

“ಅಮ್ಮಾ, ಓಡಿಸೋಳು ನೀನು. ಸೀಟಲ್ಲಿ ಕೂತು ಹೇಳು, ಎಷ್ಟು ತಿರುಗಿಸ್ಲಿ?”