ಶುಕ್ರವಾರದ ಬಯಾಪ್ಸಿ

ಗಂಡನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ವಸಿತಿ ಚಹಾಕ್ಕೆ ಒಂದೇ ಲೋಟ ನೀರಿಟ್ಟಳು. ಕುಡಿದಳು. ದ್ವೀಪದ ಊರು ಲೌಟೋಕಾದ ಗಂಟಲಿನ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಬಿಲ್ಲು ಬರೆಯುವುದು ಅವಳ ಕೆಲಸ.

ಮ್ಯಾನೇಜರ್ ಓಸೆಯಾ ಮೇಜಿನ ಬಳಿ ಬಂದ.

"ಶನಿವಾರ ಮಣ್ಣಿಗೆ ಬರಬೇಕಂತಲೇ ಇದ್ದೆ ಕಣಮ್ಮ. ರಜೆಗೆ ಆಚೆ ದ್ವೀಪದ ಲಂಬಾಸಾಕ್ಕೆ ಹೋದೋನಿಗೆ ವಾಪಸ್ ವಿಮಾನ ಸಿಗಲಿಲ್ಲ."

ವಸಿತಿ ತಲೆಯಾಡಿಸಿದಳು. ಸಮಾಧಾನ ಹೇಳಲು ಬಂದವರನ್ನು ತಿದ್ದುವ ತ್ರಾಣ ಅವಳಲ್ಲಿರಲಿಲ್ಲ.

ಅಷ್ಟರಲ್ಲಿ ಕೌಂಟರಿನಲ್ಲಿ ಗಲಾಟೆ. ಸಕ್ಕರೆ ಕಾರ್ಖಾನೆಯ ಅಪಾಕುಕಿ. ಚರ್ಚಿನ ಹಾಡಿನ ಮೇಳಕ್ಕೆ ಗುರು, ಊರಿಗೆಲ್ಲ ಮೊಮೊ, ಅಂದರೆ ಮಾವ.

"ಗಂಟು ಇರೋದು ನನ್ನ ಗಂಟಲಲ್ಲಿ. ನೀನ್ಯಾಕಮ್ಮ ಮುಖ ಗಂಟು ಹಾಕ್ಕೊಂಡಿದ್ದೀಯ?"

"ಮೊಮೊ, ನಿಮ್ಮ ಬಯಾಪ್ಸಿ ಆಗೋಯ್ತಂತೆ," ಎಂದಳು ಕೌಂಟರಿನ ಹುಡುಗಿ. "ವಿಮೆಯವರು ದುಡ್ಡೂ ಕೊಟ್ಟಾಯ್ತಂತೆ. ಮತ್ತೆ ಕೊಡಲ್ವಂತೆ."

"ಆಗೋಯ್ತಾ? ನನ್ನ ಗಂಟಲು ಕೊಯ್ಯುವಾಗ ನಾನೆಲ್ಲಿ ಹೋಗಿದ್ದೆ?"

ಎಲ್ಲರೂ ನಕ್ಕರು. ಅವನು ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟ. ಆ ಗಂಟಿನ ಚೂರು ತೆಗೆದು ಬೇಗ ಪರೀಕ್ಷಿಸಬೇಕೆಂದು ಡಾಕ್ಟರ್ ಹೇಳಿದ್ದರು. ಕೈಯಿಂದ ದುಡ್ಡು ಕಟ್ಟಿ ಮಾಡಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ವಸಿತಿ ಕಡತ ತೆರೆದಳು. ಅರಿವಳಿಕೆ ಕೊಟ್ಟು ಧ್ವನಿತಂತುವಿನಿಂದ ಚೂರು ತೆಗೆಯಲಾಗಿದೆ. ರೋಗಿ ಮಾತಾಡಕೂಡದು. ಶುಕ್ರವಾರ, ಮಧ್ಯಾಹ್ನ.

ಆ ಶುಕ್ರವಾರ ಮಧ್ಯಾಹ್ನ ಅಪಾಕುಕಿ ಅವಳ ಗಂಡ ಸೆಮಿಯ ಗುಂಡಿಯ ಪಕ್ಕ ನಿಂತು, ತೆಂಗಿನ ಮರದ ಹಕ್ಕಿಗಳು ಎದ್ದು ಹಾರುವಂತೆ ಹಾಡಿದ್ದ.

ಕೆಳಗೆ ಡಾಕ್ಟರ್ ರೇಶ್ಮಿಯ ಸಹಿ.

* * *

"ಸಹಿ ನನ್ನದೇ," ಡಾಕ್ಟರ್ ಬಿಳಿಚಿಕೊಂಡರು. "ಆದ್ರೆ ನಾನು ಹಾಕಿಲ್ಲ."

ಸಹಿಯ ಚಿತ್ರ ಕಂಪ್ಯೂಟರಿನಲ್ಲಿತ್ತು. ಅದನ್ನು ಬಳಸಬಲ್ಲವರು ಇಬ್ಬರೇ: ಡಾಕ್ಟರ್, ಓಸೆಯಾ. ಎಲ್ಲಿಂದ ಬೇಕಾದರೂ ಬಳಸಬಹುದಿತ್ತು.

ವಸಿತಿ ಲ್ಯಾಬಿಗೆ ಫೋನು ಮಾಡಿದಳು. ಅಪಾಕುಕಿಯ ಹೆಸರಿನ ಚೂರು ಅಲ್ಲಿಗೆ ಬಂದೇ ಇರಲಿಲ್ಲ.

"ಡಾಕ್ಟರನ್ನೇ ಕೇಳು," ಓಸೆಯಾ ಭುಜ ಕುಣಿಸಿದ. "ಸಹಿ ಯಾರದು?"

* * *

ಸಂಜೆ ವಸಿತಿ ಅಪಾಕುಕಿ, ಓಸೆಯಾ ಎಲ್ಲರನ್ನೂ ಡಾಕ್ಟರ ಕೋಣೆಗೆ ಕರೆದಳು. ಡಾಕ್ಟರು ಪೊಲೀಸರನ್ನೂ ಕರೆಸಿದ್ದರು.

"ಮಳೆ ಜೋರಾಗುತ್ತೆ ಅಂತ ಶನಿವಾರದ ಮಣ್ಣನ್ನ ಶುಕ್ರವಾರವೇ ಮಾಡಿದ್ವಿ. ಆಸ್ಪತ್ರೆಗೆ ಬೀಗ ಹಾಕಿ ಎಲ್ಲರೂ ಬಂದಿದ್ರು. ಡಾಕ್ಟರು ನನ್ನ ತಲೆ ಮೇಲೆ ಕೊಡೆ ಹಿಡಿದಿದ್ರು. ಸುಳ್ಳು ಬರೆಯೋ ಹಾಗಿದ್ರೆ ಅವರು ಆ ದಿನ ಹಾಕ್ತಿದ್ರಾ? ಬರೆದೋರಿಗೆ ಬೀಗದ ವಿಷಯ ಗೊತ್ತಿರಲಿಲ್ಲ."

ಓಸೆಯಾನತ್ತ ತಿರುಗಿದಳು.

"ಶನಿವಾರದ ಮಣ್ಣಿಗೆ ಬರಲಾಗಲಿಲ್ಲ ಅಂದ್ರಿ. ಶನಿವಾರ ಮಣ್ಣೇ ಇರಲಿಲ್ಲ ಸರ್."

"ತಾರೀಖು ತಪ್ಪಿ ಬಿದ್ದಿರಬಹುದು..."

"ತಪ್ಪಿದ್ರೆ ತಾರೀಖೊಂದೇ ತಪ್ಪಬೇಕು. ಚೂರು ಎಲ್ಲಿ ಹೋಯ್ತು?"

ಓಸೆಯಾ ಕುರ್ಚಿ ಹುಡುಕಿ ಕೂತ. ಮಂಜೂರಾಗಿದ್ದ ಹಣವನ್ನು ತನ್ನ ಖಾತೆಗೆ ತಿರುಗಿಸಿಕೊಂಡಿದ್ದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡ. ಶುಕ್ರವಾರ ಆಪರೇಷನ್ನಿನ ದಿನವಾದ್ದರಿಂದ ಯಾರಿಗೂ ಅನುಮಾನ ಬರದು ಎಂದುಕೊಂಡಿದ್ದನಂತೆ.

"ನೋಡಿದ್ಯಾ ನಿನ್ನ ಗಂಡನ್ನ!" ಅಪಾಕುಕಿ ಮೇಜು ಗುದ್ದಿದ. "ಬದುಕಿದ್ದಾಗ ಒಂದು ದಿನವೂ ಹಾಡಿನ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಮಣ್ಣಿಗೆ ಮಾತ್ರ ಒಂದು ದಿನ ಮುಂಚೆ ಹೋಗಿ ನನ್ನ ಉಳಿಸಿದ!"

ವಸಿತಿಗೆ ನಗು ಬಂತು. ಎಲ್ಲಿತ್ತೋ, ಬಂತು.

* * *

ವಿಮೆಯವರು ತಪ್ಪು ತಿದ್ದಿಕೊಂಡರು. ನಿಜವಾದ ಬಯಾಪ್ಸಿ ಆಯಿತು. ಫಲಿತಾಂಶ ಬಂತು: ಹಾಡಿ ಹಾಡಿ ಎದ್ದ ಗಂಟು, ಅಪಾಯವಿಲ್ಲ; ಗಾಯ ಆರುವವರೆಗೆ ಮಾತು ಮಾತ್ರ ಕೂಡದು.

ವಸಿತಿ ಶ್ರುತಿಕವೆಯನ್ನು, ಬಡಿದರೆ ಒಂದೇ ಸ್ವರ ಕೊಡುವ ಉಕ್ಕಿನ ಕವಲನ್ನು, ಕರವಸ್ತ್ರದಲ್ಲಿ ಸುತ್ತಿಕೊಂಡು ಅಪಾಕುಕಿಯ ಮನೆಗೆ ಹೋದಳು. ಸೆಮಿ ಅಭ್ಯಾಸಕ್ಕೆಂದು ಅವನಿಂದ ಎರವಲು ತಂದವನು ವಾಪಸ್ ಕೊಟ್ಟಿರಲೇ ಇಲ್ಲ.

ಅಪಾಕುಕಿ ಬಾಯಿ ತೆರೆದ.

"ಮಾತಾಡಿದ್ರೆ ನೋಡಿ! ಡಾಕ್ಟರಿಗೆ ಹೇಳ್ತೀನಿ," ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಬಾಯಿ ಮುಚ್ಚಿದ. ಕವೆಯನ್ನು ಮೊಣಕಾಲಿಗೆ ಬಡಿದು ಬಾಗಿಲ ಚೌಕಟ್ಟಿಗೆ ಹಿಡಿದ. ಮರ ಸಣ್ಣಗೆ ಹಾಡಿತು. ಒಳಗಿಂದ ಹೆಂಡತಿ ಆ ಸ್ವರ ಹಿಡಿದಳು. ವಸಿತಿಯ ಗಂಟಲೂ ಅದನ್ನು ಹಿಡಿಯಿತು.

ಅಪಾಕುಕಿ ಹುಬ್ಬು ಗಂಟಿಕ್ಕಿ, ವಸಿತಿಯತ್ತ ಬೆರಳೆತ್ತಿ ಸನ್ನೆ ಮಾಡಿದ: ಇನ್ನೂ ಸ್ವಲ್ಪ ಮೇಲೆ.